ಕಲನಗಣಿತಕ್ಕೆ ಅಸ್ತಿಭಾರ

ಭೌತಶಾಸ್ತ್ರವನ್ನು ಮುಖ್ಯ ವಿಷಯವಾಗಿ ತೆಗೆದುಕೊಂಡ ವಿದ್ಯಾರ್ಥಿಗಳಿಗೆ ಕಲನಗಣಿತದ ಮೊದಲ ಪಾಠಗಳನ್ನು ಹೇಳುವ ಉಪಾಧ್ಯಾಯನಿಗೆ ಪ್ರತಿ ವರ್ಷವೂ ತಪ್ಪದೆ ಎದುರಾಗುವ ಪ್ರಶ್ನೆಯೊಂದುಂಟು. ತರಗತಿಯ ಹಿಂದಿನ ಸಾಲಿನಿಂದ ಯಾರಾದರೂ ಒಬ್ಬ ಹುಡುಗನು ಎದ್ದು, "ಸಾರ್, ಈ ಡಿ-ಎಕ್ಸ್ ಎಂಬುದು ಸೊನ್ನೆಯೋ, ಸೊನ್ನೆಯಲ್ಲವೋ? ಸೊನ್ನೆಯಾದರೆ ಅದರಿಂದ ಭಾಗಿಸುವುದು ಹೇಗೆ? ಸೊನ್ನೆಯಲ್ಲವಾದರೆ ಕೊನೆಯಲ್ಲಿ ಅದನ್ನು ಬಿಟ್ಟುಬಿಡುವುದು ಹೇಗೆ?" ಎಂದು ಕೇಳುತ್ತಾನೆ. ಪಕ್ಕದ ಪ್ರಯೋಗಶಾಲೆಯಲ್ಲಿ ಭೌತಶಾಸ್ತ್ರದ ಅಧ್ಯಾಪಕರು ಅದೇ ಡಿ-ಎಕ್ಸನ್ನು ಕಬ್ಬಿಣದ ಸರಳಿನ ಒಂದು ಸಣ್ಣ ತುಂಡೆಂದು ಭಾವಿಸಿ ಲೆಕ್ಕವನ್ನು ಮಾಡಿ ಮುಗಿಸಿರುತ್ತಾರೆ. ಗಣಿತದ ಅಧ್ಯಾಪಕನಾದರೋ ಅದು ತುಂಡೂ ಅಲ್ಲ, ಸಂಖ್ಯೆಯೂ ಅಲ್ಲ, ಬರಿಯ ಸಂಕೇತದ ಒಂದು ಭಾಗ ಎನ್ನುತ್ತಾನೆ. ಇಬ್ಬರಲ್ಲಿ ಯಾರನ್ನು ನಂಬಬೇಕು? ಇದು ತಲೆಹರಟೆಯ ಪ್ರಶ್ನೆಯಲ್ಲ. ಯೂರೋಪಿನ ಮಹಾ ಮೇಧಾವಿಗಳು ಹೆಚ್ಚು ಕಡಮೆ ಇನ್ನೂರು ವರ್ಷ ಇದಕ್ಕೆ ಸಮಾಧಾನಕರವಾದ ಉತ್ತರವಿಲ್ಲದೆಯೇ ಕೆಲಸ ನಡೆಸಿದರು. ಶ್ರೋತೃಮಹಾಶಯರೇ, ಆ ಉತ್ತರವು ಹೇಗೆ ಬಂದಿತು, ಯಾರ ಒತ್ತಾಯಕ್ಕೆ ಬಂದಿತು ಎಂಬುದೇ ಈ ಹೊತ್ತಿನ ನನ್ನ ವಿಷಯ.

ಮೊದಲು ತೊಡಕು ಯಾವುದೆಂಬುದನ್ನು ನೋಡೋಣ. ಎತ್ತರವಾದ ಗೋಪುರದಿಂದ ಕಲ್ಲೊಂದನ್ನು ಕೈಬಿಟ್ಟರೆ, ಗಾಳಿಯ ತಡೆಯನ್ನು ಗಣನೆಗೆ ತಾರದೆ ಹೇಳುವುದಾದರೆ, ಅದು ಮೊದಲನೆಯ ಸೆಕೆಂಡಿನಲ್ಲಿ ಸುಮಾರು ೧೬ ಅಡಿ ಬೀಳುತ್ತದೆ. ಎರಡು ಸೆಕೆಂಡು ಕಳೆಯುವಷ್ಟರಲ್ಲಿ ೬೪ ಅಡಿ. ಮೂರು ಕಳೆಯುವಷ್ಟರಲ್ಲಿ ೧೪೪ ಅಡಿ. ಕಾಲದ ವರ್ಗವನ್ನು ೧೬ರಿಂದ ಗುಣಿಸಿದರೆ ದೂರವು ದೊರೆಯುತ್ತದೆ. ಈಗ, ಸರಿಯಾಗಿ ಒಂದು ಸೆಕೆಂಡು ಮುಗಿದ ಆ ಕ್ಷಣದಲ್ಲಿ ಕಲ್ಲಿನ ವೇಗವೆಷ್ಟು? ವೇಗವೆಂದರೆ ದೂರವನ್ನು ಕಾಲದಿಂದ ಭಾಗಿಸಿದ ಲಬ್ಧ. ಆದರೆ ಒಂದು ಕ್ಷಣದಲ್ಲಿ ಕಲ್ಲು ಚಲಿಸುವ ದೂರ ಸೊನ್ನೆ, ಕಳೆಯುವ ಕಾಲವೂ ಸೊನ್ನೆ. ಆದುದರಿಂದ ಆ ಕ್ಷಣದ ಅನಂತರದ ಒಂದು ಸಣ್ಣ ಅವಧಿಯನ್ನು ತೆಗೆದುಕೊಳ್ಳುತ್ತೇವೆ. ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗವನ್ನು ಹಿಡಿದರೆ ಸರಾಸರಿ ವೇಗವು ೩೩.೬ ಅಡಿ, ನೂರನೆಯ ಒಂದು ಭಾಗವನ್ನು ಹಿಡಿದರೆ ೩೨.೧೬, ಸಾವಿರದ ಒಂದು ಭಾಗಕ್ಕೆ ೩೨.೦೧೬. ವೇಗವು ೩೨ ಅಡಿ ಎಂದು ಹೇಳುವುದಕ್ಕೆ ಯಾರಿಗೂ ಸಂಶಯವಿರಲಾರದು. ಆದರೆ ಹೇಳುವ ಹಕ್ಕು ಎಲ್ಲಿಂದ ಬಂದಿತು? ಅವಧಿಯನ್ನು ಸೊನ್ನೆಯಲ್ಲವೆಂದು ಇಟ್ಟುಕೊಂಡು ಭಾಗಿಸಿದೆವು. ಭಾಗಿಸಿಯಾದ ಮೇಲೆ ಸೊನ್ನೆಯೆಂದು ಬಿಟ್ಟೆವು. ಏರಿದ ಮೇಲೆ ಏಣಿಯೇ ಇರಲಿಲ್ಲವೆಂದ ಹಾಗಾಯಿತು.

ಕ್ಷಣದ ವೇಗವೆಂಬ ಕಲ್ಪನೆ ನಮ್ಮ ದೇಶಕ್ಕೆ ಹೊಸದಲ್ಲ. ೧೧೫೦ರಲ್ಲಿ ಮುಗಿದ ಸಿದ್ಧಾಂತಶಿರೋಮಣಿಯಲ್ಲಿ ಭಾಸ್ಕರಾಚಾರ್ಯನು ಗ್ರಹಗಳ ದಿನದ ಗತಿಗೂ ತಾತ್ಕಾಲಿಕ ಗತಿಗೂ ಭೇದವನ್ನೆಣಿಸಿ, ಎರಡನೆಯದಕ್ಕೆ ಲೆಕ್ಕವನ್ನು ಕೊಟ್ಟಿದ್ದಾನೆ. ತಾತ್ಕಾಲಿಕವೆಂಬ ಆ ಮಾತಿಗಿಂತ ಒಳ್ಳೆಯ ಮಾತು ನನಗೆ ಪಾಶ್ಚಾತ್ಯ ಭಾಷೆಗಳಲ್ಲಿ ಕಂಡಿಲ್ಲ. ಆದರೆ ಎಲ್ಲ ಬಗೆಯ ಚಲನೆಗೂ, ಎಲ್ಲ ಬಗೆಯ ವಕ್ರರೇಖೆಗೂ ಸಮನಾಗಿ ಸಲ್ಲುವ ಒಂದು ವಿಧಾನವನ್ನು ರೂಪಿಸಿದವರು ನ್ಯೂಟನ್ ಮತ್ತು ಲೈಬ್ನಿಟ್ಸ್. ೧೬೬೫ರಲ್ಲಿ ಪ್ಲೇಗಿನ ಭಯದಿಂದ ಕೇಂಬ್ರಿಜ್ ವಿಶ್ವವಿದ್ಯಾನಿಲಯವು ಮುಚ್ಚಲು, ನ್ಯೂಟನ್ನನು ವೂಲ್ಸ್‌ತಾರ್ಪಿನ ತನ್ನ ಮನೆಗೆ ಹೋಗಿ ಅಲ್ಲಿದ್ದ ಕಾಲದಲ್ಲಿ ಇದರ ಮುಖ್ಯಾಂಶಗಳನ್ನು ಕಂಡುಕೊಂಡನು. ಆದರೆ ತನ್ನ ವಿಧಾನವನ್ನು ವಿವರವಾಗಿ ಅಚ್ಚು ಮಾಡಿಸಿದುದು ೧೭೦೪ರಲ್ಲಿ, ಬೆಳಕಿನ ಮೇಲಣ ತನ್ನ ಗ್ರಂಥಕ್ಕೆ ಅನುಬಂಧವಾಗಿ. ಅಷ್ಟರೊಳಗೆ ಲೈಬ್ನಿಟ್ಸನು ತನ್ನದೇ ದಾರಿಯಲ್ಲಿ ನಡೆದು, ೧೬೭೫ರಲ್ಲಿ ನಾವಿಂದೂ ಬಳಸುವ ಸಂಕೇತಗಳನ್ನು ಹವಣಿಸಿ, ೧೬೮೪ರಲ್ಲಿ ಆರೇಳು ಪುಟಗಳ ಒಂದು ಲೇಖನದಲ್ಲಿ ವಿಧಾನವನ್ನು ಪ್ರಕಟಿಸಿಬಿಟ್ಟಿದ್ದನು. ಮೊದಲು ಕಂಡವರು ಯಾರೆಂದು ಈ ಎರಡು ಪಕ್ಷಗಳ ನಡುವೆ ನಡೆದ ಜಗಳವು ಕೇಳತಕ್ಕುದಲ್ಲ. ೧೭೧೨ರಲ್ಲಿ ವಿಚಾರಣೆಗೆಂದು ರಾಯಲ್ ಸೊಸೈಟಿಯು ನೇಮಿಸಿದ ಸಮಿತಿಯ ವರದಿಯನ್ನು ಸೊಸೈಟಿಯ ಅಧ್ಯಕ್ಷನಾಗಿದ್ದ ನ್ಯೂಟನ್ನನೇ ಬರೆದನೆಂಬುದನ್ನು ಹೇಳಿದರೆ ಸಾಕು. ನಮ್ಮ ಕಥೆಗೆ ಬೇಕಾದುದು ಬೇರೆ. ಇಬ್ಬರೂ ತಮ್ಮ ತಳಹದಿ ಗಟ್ಟಿಯಲ್ಲವೆಂಬುದನ್ನು ಅರಿತಿದ್ದರು. ನ್ಯೂಟನ್ನನು ಮಾಯವಾಗುತ್ತಿರುವ ಪರಿಮಾಣಗಳ ಕೊನೆಯ ನಿಷ್ಪತ್ತಿಯೆಂದು ಹೇಳಿದನು. ಲೈಬ್ನಿಟ್ಸನು ಇವು ಅನುಕೂಲಕ್ಕಾಗಿ ಕಲ್ಪಿಸಿಕೊಂಡವು ಎಂದು ಹೇಳಿ ತಪ್ಪಿಸಿಕೊಂಡನು.

ಇದನ್ನು ಹಿಡಿದು ನಿಲ್ಲಿಸಿ ಕೇಳಿದವನು ಗಣಿತಜ್ಞನಲ್ಲ, ಒಬ್ಬ ಪಾದ್ರಿ. ಐರ್ಲೆಂಡಿನ ಕ್ಲಾಯ್ನ್ ಪಟ್ಟಣಕ್ಕೆ ಬಿಷಪ್ಪನಾಗಿ ನೇಮಕಗೊಂಡ ಜಾರ್ಜ್ ಬರ್ಕ್ಲಿ ೧೭೩೪ರಲ್ಲಿ 'ದಿ ಅನಲಿಸ್ಟ್' ಎಂಬ ಸಣ್ಣ ಪುಸ್ತಕವನ್ನು ಹೊರಡಿಸಿದನು. ಧರ್ಮದಲ್ಲಿ ನಂಬಿಕೆಯಿಲ್ಲದ ಒಬ್ಬ ಗಣಿತಜ್ಞನಿಗೆ ಹೇಳಿದ ಮಾತಾಗಿ ಅದು ಬರೆಯಲ್ಪಟ್ಟಿದೆ. ಆತನ ವಾದದ ಸಾರವಿಷ್ಟು: ಧರ್ಮದ ರಹಸ್ಯಗಳು ಬುದ್ಧಿಗೆ ನಿಲುಕುವುದಿಲ್ಲವೆಂದು ನೀವು ನಗುತ್ತೀರಿ, ನಿಮ್ಮ ಗಣಿತದಲ್ಲಿಯಾದರೋ ಒಂದು ವಸ್ತುವು ಮೊದಲು ಇದೆ, ಆಮೇಲೆ ಇಲ್ಲ, ಆದರೂ ಅದು ಇದ್ದಾಗ ದೊರೆತ ಫಲವು ಮಾತ್ರ ಉಳಿಯುತ್ತದೆ, ಇದು ಯಾವ ತರ್ಕ? ಈ ಪರಿಮಾಣಗಳನ್ನು ಆತನು ಪ್ರೇತಗಳಿಗೆ ಹೋಲಿಸಿ ಪರಿಹಾಸ್ಯ ಮಾಡಿದನು. ಗಮನಿಸಬೇಕು, ಉತ್ತರಗಳು ತಪ್ಪೆಂದು ಬರ್ಕ್ಲಿ ಹೇಳಲಿಲ್ಲ. ಉತ್ತರಗಳು ಸರಿಯೇ, ಎರಡು ತಪ್ಪುಗಳು ಒಂದನ್ನೊಂದು ಹೊಡೆದುಹಾಕಿದುದರಿಂದ ಸರಿಯಾಗಿವೆ, ಹಾಗೆ ಬಂದ ಸತ್ಯಕ್ಕೆ ಶಾಸ್ತ್ರವೆಂಬ ಹೆಸರು ಸಲ್ಲದು ಎಂದನು. ನಮ್ಮ ಹಿಂದಿನ ಸಾಲಿನ ಹುಡುಗನು ಕೇಳುವುದೂ ಇದನ್ನೇ ಅಲ್ಲವೆ? ಮ್ಯಾಕ್ಲಾರಿನ್ ಮೊದಲಾದವರು ಬರ್ಕ್ಲಿಗೆ ಉತ್ತರ ಕೊಡಲು ದೊಡ್ಡ ದೊಡ್ಡ ಗ್ರಂಥಗಳನ್ನೇ ಬರೆದರು. ನನ್ನ ಮಟ್ಟಿಗೆ ಹೇಳುವುದಾದರೆ, ಪ್ರಶ್ನೆಯಲ್ಲಿದ್ದ ಬಿಗಿ ಆ ಉತ್ತರಗಳಲ್ಲಿ ಕಾಣುವುದಿಲ್ಲ.

ಆದರೂ ಕೆಲಸವೇನೂ ನಿಲ್ಲಲಿಲ್ಲ. ಹಾಲಿಯ ಧೂಮಕೇತುವಿನ ಮೇಲೆ ಗುರು ಶನಿಗಳ ಸೆಳೆತವು ಎಷ್ಟೆಂಬುದನ್ನು ಫ್ರಾನ್ಸಿನ ಕ್ಲೇರೋ ಎಂಬಾತನು ಲಲಾಂದ್ ಮತ್ತು ಮದಾಂ ಲೆಪೋತರ ನೆರವಿನಿಂದ ತಿಂಗಳುಗಟ್ಟಲೆ ಲೆಕ್ಕಹಾಕಿ, ಅದು ೧೭೫೯ರ ಏಪ್ರಿಲ್ ನಡುವಿಗೆ ಸೂರ್ಯನ ಸಮೀಪಕ್ಕೆ ಬರುವುದೆಂದೂ, ಒಂದು ತಿಂಗಳು ಹೆಚ್ಚು ಕಡಮೆಯಾಗಬಹುದೆಂದೂ ಮುಂದಾಗಿಯೇ ಸಾರಿದನು. ಅದು ಮಾರ್ಚಿ ೧೩ರಂದು ಬಂದಿತು. ಎಪ್ಪತ್ತಾರು ವರ್ಷ ಕಣ್ಣಿಗೆ ಬೀಳದಿದ್ದ ವಸ್ತುವನ್ನು ಹೀಗೆ ಕರೆದು ನಿಲ್ಲಿಸುವ ವಿದ್ಯೆಗೆ ತಳಹದಿ ಇಲ್ಲವೆಂದರೆ ಯಾರು ಕೇಳಿಯಾರು? ಹದಿನೆಂಟನೆಯ ಶತಮಾನದ ಗಣಿತಜ್ಞರು ಬಹುಪಾಲು ಕೇಳಲಿಲ್ಲ. ಕೇಳಿದವರಲ್ಲಿ ಲಗ್ರಾಂಜನೊಬ್ಬನು. ಬರ್ಲಿನ್ ಅಕಾಡೆಮಿಯು ೧೭೮೪ರಲ್ಲಿ ಅನಂತವೆಂಬುದಕ್ಕೆ ಸ್ಪಷ್ಟವಾದ ಸಿದ್ಧಾಂತವನ್ನು ಕೊಟ್ಟವರಿಗೆ ಬಹುಮಾನವನ್ನು ಸಾರಿದಾಗ ಅದರ ಗಣಿತವಿಭಾಗಕ್ಕೆ ಆತನೇ ಮುಖ್ಯಸ್ಥನಾಗಿದ್ದನು. ಬಹುಮಾನವನ್ನೇನೋ ೧೭೮೬ರಲ್ಲಿ ಕೊಟ್ಟರು, ತೀರ್ಪುಗಾರರಿಗೆ ತೃಪ್ತಿಯಾಗಲಿಲ್ಲ.

ಪರಿಸ್ಥಿತಿಯನ್ನು ಬದಲಾಯಿಸಿದುದು ಫ್ರಾನ್ಸಿನ ಮಹಾಕ್ರಾಂತಿ. ಇದನ್ನು ಕೇಳಿ ಕೆಲವರು ನಗಬಹುದು. ಅದಕ್ಕೆ ಮುಂಚೆ ಗಣಿತಜ್ಞರು ರಾಜರ ಅಕಾಡೆಮಿಗಳಲ್ಲಿದ್ದುಕೊಂಡು ಒಬ್ಬರಿಗೊಬ್ಬರು ಬರೆಯುತ್ತಿದ್ದರು. ತಿಳಿದವನು ತಿಳಿದವನಿಗೆ ಬರೆಯುವಾಗ ಬುಡವನ್ನು ಕೆದಕಬೇಕಾದ ಅಗತ್ಯವಿಲ್ಲ. ೧೭೯೪ರಲ್ಲಿ ಪ್ಯಾರಿಸಿನಲ್ಲಿ ಎಕೋಲ್ ಪಾಲಿಟೆಕ್ನಿಕ್ ಎಂಬ ವಿದ್ಯಾಲಯವು ಸ್ಥಾಪಿತವಾಗಿ, ಎಂಜಿನಿಯರುಗಳಾಗಬೇಕಾದ ನೂರಾರು ತರುಣರು ಬೆಂಚುಗಳ ಮೇಲೆ ಬಂದು ಕುಳಿತರು. ಅವರ ಮುಂದೆ ಮೊದಲ ದಿನ ಏನನ್ನು ಹೇಳಬೇಕು? ಲಗ್ರಾಂಜನು ಅಲ್ಲಿ ಪಾಠ ಹೇಳುತ್ತ, ಸೂಕ್ಷ್ಮ ಪರಿಮಾಣಗಳ ಸಹವಾಸವೇ ಬೇಡವೆಂದು ಎಲ್ಲವನ್ನೂ ಘಾತಶ್ರೇಣಿಗಳಿಂದ ಸಾಧಿಸಲು ಹೊರಟು ೧೭೯೭ರಲ್ಲಿ ಒಂದು ಗ್ರಂಥವನ್ನು ಬರೆದನು. ಅದು ನಿಲ್ಲಲಿಲ್ಲ. ಆದರೆ ತಳಹದಿಯ ಪ್ರಶ್ನೆಯು ತತ್ತ್ವಜ್ಞಾನಿಗಳ ಜಗಲಿಯಿಂದಿಳಿದು ತರಗತಿಯೊಳಗೆ ಬಂದಿತು.

ಇದೇ ಸಮಯಕ್ಕೆ ಮತ್ತೊಂದು ದಿಕ್ಕಿನಿಂದ ಕಲ್ಲು ಬಿದ್ದಿತು, ಅದೂ ಭೌತಶಾಸ್ತ್ರದ ಕಡೆಯಿಂದ. ನೆಪೋಲಿಯನ್ನನೊಡನೆ ಈಜಿಪ್ಟಿಗೆ ಹೋಗಿಬಂದು, ಗ್ರೆನೋಬಲ್ಲಿನಲ್ಲಿ ಜಿಲ್ಲೆಯ ಅಧಿಕಾರಿಯಾಗಿದ್ದ ಜೋಸೆಫ್ ಫೂರಿಯೇ, ಸರ್ಕಾರದ ಕಾಗದಪತ್ರಗಳ ನಡುವೆ ಬಿಡುವುಮಾಡಿಕೊಂಡು ಘನವಸ್ತುಗಳಲ್ಲಿ ಶಾಖವು ಹರಡುವ ಬಗೆಯನ್ನು ಪರಿಶೀಲಿಸುತ್ತಿದ್ದನು. ೧೮೦೭ರ ಡಿಸೆಂಬರಿನಲ್ಲಿ ಆತನು ಪ್ಯಾರಿಸಿನ ವಿದ್ವತ್ಸಭೆಗೆ ಒಪ್ಪಿಸಿದ ಪ್ರಬಂಧದ ಮುಖ್ಯ ಮಾತು ಬಹು ಸರಳವಾದುದು. ಲೋಹದ ಸರಳಿನ ಉದ್ದಕ್ಕೂ ಶಾಖವು ಯಾವ ಬಗೆಯಾಗಿ ಹಂಚಿದ್ದರೂ, ಅದನ್ನು ಸೈನ್ ಕೊಸೈನ್ ಅಲೆಗಳ ಮೊತ್ತವಾಗಿ ಬರೆಯಬಹುದು. ಒಂದೊಂದು ಅಲೆಯೂ ತನ್ನದೇ ವೇಗದಿಂದ ಅಡಗುತ್ತದೆ. ಅರ್ಧದಷ್ಟು ಉದ್ದವುಳ್ಳ ಅಲೆ ನಾಲ್ಕರಷ್ಟು ಬೇಗ ಅಡಗುತ್ತದೆ. ಆದುದರಿಂದಲೇ ಕಾದ ಸರಳಿನಲ್ಲಿ ಸಣ್ಣಪುಟ್ಟ ಏರುತಗ್ಗುಗಳು ಮೊದಲು ಅಳಿಸಿಹೋಗಿ ಕೊನೆಗೆ ಒಂದು ನುಣುಪಾದ ಉಬ್ಬು ಮಾತ್ರ ಉಳಿಯುತ್ತದೆ. ಪ್ರಯೋಗವು ಇದಕ್ಕೆ ಸಾಕ್ಷಿ ಹೇಳಿತು.

ತೊಂದರೆಯಿದ್ದುದು 'ಯಾವ ಬಗೆಯಾಗಿ ಹಂಚಿದ್ದರೂ' ಎಂಬ ಮಾತಿನಲ್ಲಿ. ಒಂದು ಸರಳಿನ ಅರ್ಧವನ್ನು ಕಾಯಿಸಿ, ಉಳಿದರ್ಧವನ್ನು ತಣ್ಣಗಿಟ್ಟು ಜೋಡಿಸಿದರೆ, ಉಷ್ಣತೆಯ ರೇಖೆಯು ನಡುವೆ ಮೆಟ್ಟಿಲಿನಂತೆ ಕಡಿದು ಬೀಳುತ್ತದೆ. ಎಲ್ಲಿಯೂ ಕಡಿಯದ, ಎಲ್ಲಿಯೂ ಮೂಲೆಯಿಲ್ಲದ ಅಲೆಗಳನ್ನು ಕೂಡಿಸಿದರೆ ಕಡಿದುಹೋದ ರೇಖೆ ಬರುವುದುಂಟೆ? ನುಣುಪಾದ ದಾರಗಳಿಂದ ನೇಯ್ದ ಬಟ್ಟೆ ತಾನಾಗಿಯೇ ನಡುವೆ ಹರಿದುಕೊಂಡು ಹುಟ್ಟೀತೆ? ಲಾಪ್ಲಾಸ್, ಮೋಂಜ್, ಲಕ್ರ್ವಾ ಮತ್ತು ಲಗ್ರಾಂಜರು ಪರೀಕ್ಷಕರಾಗಿದ್ದರು. ಎಪ್ಪತ್ತು ದಾಟಿದ್ದ ಲಗ್ರಾಂಜನು ಒಪ್ಪಲಿಲ್ಲ. ೧೮೧೨ರಲ್ಲಿ ಅದೇ ಸಭೆಯು ಶಾಖದ ವಿಷಯವಾಗಿ ಏರ್ಪಡಿಸಿದ ಬಹುಮಾನವನ್ನು ಫೂರಿಯೇಗೆ ಕೊಟ್ಟಿತಾದರೂ, ಸಾಧನೆಯಲ್ಲಿ ಬಿಗಿ ಸಾಲದೆಂದು ಷರಾ ಬರೆಯಿತು. ಆತನ ಗ್ರಂಥವು ಅಚ್ಚಾಗಬೇಕಾದರೆ ೧೮೨೨ ಬಂದಿತು. ಇಲ್ಲಿ ಯಾರ ಪಕ್ಷವನ್ನು ಹಿಡಿಯಬೇಕೆಂದು ನನ್ನನ್ನು ಕೇಳಿದರೆ ಇಬ್ಬರದೂ ಎನ್ನುತ್ತೇನೆ. ಫೂರಿಯೇ ಹೇಳಿದುದು ಬಹುಮಟ್ಟಿಗೆ ನಿಜವಾಗಿದ್ದಿತು. ಅದು ಏಕೆ ನಿಜವೆಂಬುದು ಆತನಿಗೆ ತಿಳಿದಿರಲಿಲ್ಲವೆಂದ ಲಗ್ರಾಂಜನ ಮಾತೂ ನಿಜವಾಗಿದ್ದಿತು.

ಫೂರಿಯೇಯ ಗ್ರಂಥಕ್ಕೆ ಒಂದು ವರ್ಷ ಮೊದಲು, ಎಂದರೆ ೧೮೨೧ರಲ್ಲಿ, ಎಕೋಲ್ ಪಾಲಿಟೆಕ್ನಿಕ್ಕಿನ ಅಧ್ಯಾಪಕನಾದ ಕೋಶಿ ತನ್ನ ಪಾಠಗಳ ಪುಸ್ತಕವನ್ನು ಹೊರಡಿಸಿದ್ದನು. ಒಂದು ಬದಲಾಗುವ ಸಂಖ್ಯೆಯು ಒಂದು ಸ್ಥಿರ ಸಂಖ್ಯೆಗೆ, ನಾವು ಬಯಸಿದಷ್ಟು ಕಡಮೆ ಅಂತರದಲ್ಲಿ ಹೋಗಿ ನಿಲ್ಲುವುದಾದರೆ, ಆ ಸ್ಥಿರ ಸಂಖ್ಯೆಯೇ ಅದರ ಮಿತಿ. ವೇಗ, ಸ್ಪರ್ಶರೇಖೆ, ಕ್ಷೇತ್ರಫಲ, ಶ್ರೇಣಿಯ ಮೊತ್ತ, ಇವೆಲ್ಲವನ್ನೂ ಕೋಶಿಯು ಈ ಒಂದು ಮಾತಿನ ಮೇಲೆ ನಿಲ್ಲಿಸಿದನು. ವಿದ್ಯಾರ್ಥಿಗಳಿಗೆ ಇದು ರುಚಿಸಲಿಲ್ಲವೆಂಬುದನ್ನೂ ಹೇಳಿಬಿಡುತ್ತೇನೆ. ೧೮೨೧ರಲ್ಲಿ ಒಮ್ಮೆ ಹೊತ್ತು ಮೀರಿದರೂ ಪಾಠವು ಮುಗಿಯದಿರಲು ತರುಣರು ಗದ್ದಲವೆಬ್ಬಿಸಿದರು. ಎಂಜಿನಿಯರುಗಳಿಗೆ ಇಷ್ಟೊಂದು ತರ್ಕವೇಕೆಂದು ಮೇಲಧಿಕಾರಿಗಳೂ ಆಕ್ಷೇಪಿಸಿದರು. ಅಧ್ಯಾಪಕ ವೃತ್ತಿಯವನಾದ ನನಗೆ ಇದರಲ್ಲಿ ಒಂದು ಬಗೆಯ ಸಮಾಧಾನವಿದೆ.

ಆದರೆ ಕೋಶಿಯೂ ಎಡವಿದನು. ಅವಿಚ್ಛಿನ್ನವಾದ ರೇಖೆಗಳನ್ನು ಅನಂತವಾಗಿ ಕೂಡಿಸಿ ಮೊತ್ತ ದೊರೆತರೆ, ಆ ಮೊತ್ತವೂ ಅವಿಚ್ಛಿನ್ನವೇ ಎಂದು ಆ ಪುಸ್ತಕದಲ್ಲಿಯೇ ಸಾಧಿಸಿಬಿಟ್ಟನು. ಅದು ನಿಜವಾದರೆ ಫೂರಿಯೇಯ ಮೆಟ್ಟಿಲು ಅಸಾಧ್ಯ. ನಾರ್ವೆಯ ತರುಣನಾದ ಆಬೆಲ್, ೧೮೨೬ರಲ್ಲಿ ಒಂದು ಅಡಿಟಿಪ್ಪಣಿಯಲ್ಲಿ ಬಹು ಸೌಮ್ಯವಾಗಿ, ಈ ಸಿದ್ಧಾಂತಕ್ಕೆ ಅಪವಾದಗಳಿರುವಂತೆ ಕಾಣುತ್ತದೆಂದು ಸೂಚಿಸಿ, ಫೂರಿಯೇಯ ಬಗೆಯ ಶ್ರೇಣಿಯೊಂದನ್ನು ಉದಾಹರಿಸಿದನು. ಅದರ ವಿಷಯವನ್ನು ಕೊನೆಗೆ ಹೇಳುತ್ತೇನೆ. ತಪ್ಪೆಲ್ಲಿದೆಯೆಂಬುದು ಹೊಳೆಯಲು ಇನ್ನೂ ಇಪ್ಪತ್ತು ವರ್ಷ ಹಿಡಿಯಿತು. ಮೊತ್ತವು ಪ್ರತಿಯೊಂದು ಬಿಂದುವಿನಲ್ಲಿಯೂ ದೊರೆಯುತ್ತದೆ ಎನ್ನುವುದು ಬೇರೆ, ಎಲ್ಲ ಬಿಂದುಗಳಲ್ಲಿಯೂ ಒಟ್ಟಿಗೆ, ಒಂದೇ ಹದದಲ್ಲಿ ದೊರೆಯುತ್ತದೆ ಎನ್ನುವುದು ಬೇರೆ. ಈ ಭೇದವನ್ನು ೧೮೪೭ರ ಸುಮಾರಿಗೆ ಜರ್ಮನಿಯಲ್ಲಿ ಸೈಡೆಲನೂ ಇಂಗ್ಲೆಂಡಿನಲ್ಲಿ ಸ್ಟೋಕ್ಸನೂ ಬೇರೆ ಬೇರೆಯಾಗಿ ಗುರುತಿಸಿದರು. ದ್ರವಗಳ ಹರಿವನ್ನು ಕುರಿತ ಕೆಲಸದಿಂದ ಸ್ಟೋಕ್ಸನ ಹೆಸರನ್ನು ಭೌತಶಾಸ್ತ್ರದ ವಿದ್ಯಾರ್ಥಿಗಳೆಲ್ಲರೂ ಬಲ್ಲರು.

ಮಿತಿಯೆಂಬ ಮಾತಿಗೆ ಕೊನೆಯ ಕಟ್ಟುಪಾಡು ಹಾಕಿದವನು ವೈಯರ್‌ಸ್ಟ್ರಾಸ್. ಈತನ ಜೀವನವನ್ನು ಕೇಳತಕ್ಕುದು. ಪದವಿಯಿಲ್ಲದೆ ಬಾನ್ ವಿಶ್ವವಿದ್ಯಾನಿಲಯವನ್ನು ಬಿಟ್ಟು, ಹದಿನಾಲ್ಕು ವರ್ಷಗಳಷ್ಟು ಕಾಲ ಸಣ್ಣ ಊರುಗಳ ಹೈಸ್ಕೂಲುಗಳಲ್ಲಿ ಉಪಾಧ್ಯಾಯನಾಗಿದ್ದನು. ಗಣಿತದೊಂದಿಗೆ ಅಂದವಾದ ಬರವಣಿಗೆಯನ್ನೂ ಅಂಗಸಾಧನೆಯನ್ನೂ ಕಲಿಸುತ್ತಿದ್ದನು. ೧೮೫೪ರಲ್ಲಿ ಪ್ರಕಟವಾದ ಒಂದು ಲೇಖನದಿಂದ ಜಗತ್ತು ಬೆಚ್ಚಿ ನೋಡಿತು. ಎರಡು ವರ್ಷಕ್ಕೆ ಆತನನ್ನು ಬರ್ಲಿನ್ನಿಗೆ ಕರೆಸಿಕೊಂಡರು. ಅಲ್ಲಿನ ಪಾಠಗಳಲ್ಲಿ ಆತನು ಚಲನೆಯ ಮಾತನ್ನೇ ತೆಗೆದುಹಾಕಿದನು. ಸಮೀಪಿಸುವುದು, ಮಾಯವಾಗುವುದು, ಯಾವುದೂ ಬೇಡ. ನಮ್ಮ ಕಲ್ಲಿನ ಲೆಕ್ಕವನ್ನೇ ತೆಗೆದುಕೊಳ್ಳಿ. ಅಕ್ಕಸಾಲಿಗನ ಮುಂದೆ ಕುಳಿತ ಗಿರಾಕಿಯಂತೆ, ಎಷ್ಟು ತಪ್ಪನ್ನು ಒಪ್ಪುವಿರೆಂಬುದನ್ನು ಮೊದಲು ನೀವು ಹೇಳಬೇಕು. ೩೨ಕ್ಕೂ ಸರಾಸರಿ ವೇಗಕ್ಕೂ ಒಂದಡಿಗಿಂತ ಕಡಮೆ ವ್ಯತ್ಯಾಸವಿರಬೇಕೆಂದರೆ, ಅವಧಿಯು ಸೆಕೆಂಡಿನ ಹದಿನಾರನೆಯ ಒಂದು ಭಾಗಕ್ಕಿಂತ ಕಡಮೆಯಿರಲಿ ಎನ್ನುತ್ತೇನೆ. ಅಡಿಯ ನೂರನೆಯ ಒಂದು ಭಾಗವೆಂದರೆ, ೧೬೦೦ರಲ್ಲಿ ಒಂದು ಭಾಗಕ್ಕಿಂತ ಕಡಮೆ. ನೀವು ಎಷ್ಟೇ ಬಿಗಿಯಾಗಿ ಕೇಳಿದರೂ ಉತ್ತರ ಕೊಡಬಲ್ಲೆನಾದರೆ, ಮಿತಿಯು ೩೨. ಅವಧಿಯು ಎಂದೂ ಸೊನ್ನೆಯಾಗಲಿಲ್ಲ; ಸೊನ್ನೆಯಿಂದ ಯಾರೂ ಭಾಗಿಸಲಿಲ್ಲ; ಯಾವುದನ್ನೂ ಬಿಟ್ಟುಬಿಡಲಿಲ್ಲ. ವಿದ್ಯಾರ್ಥಿಗಳು ಹೆದರುವ ಎಪ್ಸಿಲಾನ್ ಡೆಲ್ಟಾಗಳೆಂದರೆ ಗಿರಾಕಿಯ ಬೇಡಿಕೆ, ಅಕ್ಕಸಾಲಿಗನ ಉತ್ತರ, ಇಷ್ಟೇ. ಬರ್ಕ್ಲಿಯ ಪ್ರೇತಕ್ಕೆ ಇಲ್ಲಿ ನಿಲ್ಲಲು ಸ್ಥಳವಿಲ್ಲ.

ಇದೂ ಅಚ್ಚಿನ ಪುಸ್ತಕದಿಂದ ಹರಡಲಿಲ್ಲ, ವಿದ್ಯಾರ್ಥಿಗಳ ಟಿಪ್ಪಣಿಗಳಿಂದ ಹರಡಿತು. ೧೮೫೮ರಲ್ಲಿ ಜ್ಯೂರಿಕ್ಕಿನ ಪಾಲಿಟೆಕ್ನಿಕ್ಕಿನಲ್ಲಿ ಮೊದಲ ಸಲ ಕಲನಗಣಿತದ ಪಾಠವನ್ನು ಹೇಳಬೇಕಾಗಿ ಬಂದ ಡೆಡೆಕಿಂಡನು, ರೇಖಾಚಿತ್ರವನ್ನು ತೋರಿಸಿ 'ಕಾಣುತ್ತದೆಯಲ್ಲ' ಎಂದು ಹೇಳಬೇಕಾದ ಸ್ಥಿತಿಗೆ ನಾಚಿ, ಸಂಖ್ಯೆಯೆಂದರೇನೆಂಬುದನ್ನೇ ಯೋಚಿಸತೊಡಗಿದನು. ನವೆಂಬರು ೨೪ರಂದು ಆತನಿಗೆ ದಾರಿ ಹೊಳೆಯಿತು, ಪ್ರಕಟಿಸಿದುದು ೧೮೭೨ರಲ್ಲಿ. ಹೇಳಿಕೊಡಬೇಕಾದವನ ಸಂಕಟವೇ ಇಲ್ಲಿಯೂ ತಾಯಿ. ನಮ್ಮ ದಕ್ಷಿಣದೇಶದಲ್ಲಿಯೂ ಇದಕ್ಕೆ ಹಿಂದಿನ ನಿದರ್ಶನವೊಂದಿದೆ. ಹದಿನಾಲ್ಕನೆಯ ಶತಮಾನದ ಉತ್ತರಾರ್ಧದಲ್ಲಿ ಕೇರಳದ ಸಂಗಮಗ್ರಾಮದ ಮಾಧವನು ವೃತ್ತದ ಪರಿಧಿಗೂ ಜ್ಯಾಗಳಿಗೂ ಅನಂತಶ್ರೇಣಿಗಳನ್ನು ಕಂಡನು. ಅವುಗಳಿಗೆ ಉಪಪತ್ತಿಗಳನ್ನು ಹಂತಹಂತವಾಗಿ ಬಿಡಿಸಿ ಬರೆದುದು ೧೫೩೦ರ ಸುಮಾರಿಗೆ, ಜ್ಯೇಷ್ಠದೇವನ ಯುಕ್ತಿಭಾಷೆಯಲ್ಲಿ. ಅದು ಸಂಸ್ಕೃತ ಶ್ಲೋಕದಲ್ಲಿಲ್ಲ, ಮಲೆಯಾಳದ ಗದ್ಯದಲ್ಲಿದೆ. ಸೂತ್ರಕ್ಕೆ ಶ್ಲೋಕವು ಸಾಕು. ಕಾರಣವನ್ನು ಹೇಳಹೊರಟವನಿಗೆ ಮನೆಯ ಮಾತು ಬೇಕಾಯಿತು. ಇದೇ ಯೂರೋಪಿನ ಕಲನಗಣಿತವೆಂದು ನಾನು ಹೇಳಲಾರೆ. ವೃತ್ತವನ್ನು ಬಿಟ್ಟು ಎಲ್ಲ ರೇಖೆಗಳಿಗೂ ಸಲ್ಲುವ ವಿಧಾನವು ಅಲ್ಲಿಲ್ಲ. ಆದರೆ ಅದರ ಸೂಕ್ಷ್ಮತೆಯನ್ನು ಕಂಡವರು ಹೆಮ್ಮೆಗಾಗಿ ಅತಿಶಯೋಕ್ತಿಯನ್ನು ಬೇಡುವುದಿಲ್ಲ.

೧೮೭೨ನೆಯ ಇಸವಿಯಲ್ಲಿಯೇ ವೈಯರ್‌ಸ್ಟ್ರಾಸನು ಬರ್ಲಿನ್ ಅಕಾಡೆಮಿಯ ಮುಂದೆ ಒಂದು ವಿಚಿತ್ರ ರೇಖೆಯನ್ನು ಇಟ್ಟನು. ಅದು ಎಲ್ಲಿಯೂ ಕಡಿಯುವುದಿಲ್ಲ. ಆದರೆ ಅದರ ಯಾವ ಬಿಂದುವಿನಲ್ಲಿಯೂ ಸ್ಪರ್ಶರೇಖೆಯನ್ನು ಎಳೆಯಲಾಗುವುದಿಲ್ಲ. ಭೌತಶಾಸ್ತ್ರಜ್ಞರಿಗೆ ಇದು ಗಣಿತಜ್ಞರ ಹುಚ್ಚಿನ ಸಂತಾನವೆಂದು ತೋರಿದರೆ ಆಶ್ಚರ್ಯವಿಲ್ಲ. ಮುಂದೆ ಫ್ರಾನ್ಸಿನ ಜಾನ್ ಪೆರಾಂ, ನೀರಿನಲ್ಲಿ ತೇಲುವ ಸೂಕ್ಷ್ಮ ಕಣಗಳ ಅಡ್ಡಾದಿಡ್ಡಿ ಓಟವನ್ನು ಸೂಕ್ಷ್ಮದರ್ಶಕದಲ್ಲಿ ಅಳೆದು ಪರಮಾಣುಗಳ ಇರವನ್ನು ಸ್ಥಾಪಿಸಿದನು. ಕಣದ ದಾರಿಯನ್ನು ಎಷ್ಟು ಸಣ್ಣ ಅವಧಿಗೆ ನೋಡಿದರೂ ಅದಕ್ಕೆ ದಿಕ್ಕೆಂಬುದು ನಿಲ್ಲಲಿಲ್ಲ. ಗಣಿತಜ್ಞರು ಕಲ್ಪಿಸಿದ ಸ್ಪರ್ಶರೇಖೆಯಿಲ್ಲದ ರೇಖೆಗಳು ನಿಸರ್ಗದಲ್ಲಿಯೇ ಇವೆಯೆಂದು ತನ್ನ ೧೯೧೩ರ 'ಪರಮಾಣುಗಳು' ಎಂಬ ಗ್ರಂಥದಲ್ಲಿ ಆತನು ತೋರಿಸಿದ್ದಾನೆ. ಅಂತಹ ಕಣಕ್ಕೆ ಈ ಕ್ಷಣದ ವೇಗವೆಷ್ಟೆಂದು ಕೇಳಿದರೆ, ಬರ್ಕ್ಲಿಗಲ್ಲ, ಪ್ರಯೋಗಶಾಲೆಗೇ ಉತ್ತರ ಹೇಳಬೇಕಾಗುತ್ತದೆ.

ಹಾಗಾದರೆ ಡಿ-ಎಕ್ಸ್ ಎಂಬುದು ತುಂಡಲ್ಲವೆ? ಅದಕ್ಕೂ ಒಂದು ವಿಚಿತ್ರ ಪರ್ಯವಸಾನವುಂಟು. ಅಬ್ರಹಾಂ ರಾಬಿನ್ಸನ್ ಎಂಬ ತರ್ಕಶಾಸ್ತ್ರಜ್ಞನು ೧೯೬೬ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಸೊನ್ನೆಯಲ್ಲದೆ, ಆದರೂ ಎಲ್ಲ ಧನ ಭಿನ್ನರಾಶಿಗಳಿಗಿಂತಲೂ ಚಿಕ್ಕದಾದ ಸಂಖ್ಯೆಗಳನ್ನು ಯಾವ ವಿರೋಧವೂ ಬಾರದಂತೆ ಕಟ್ಟಬಹುದೆಂದು ತೋರಿಸಿದನು. ಲೈಬ್ನಿಟ್ಸನ ಕಲ್ಪನೆಗೆ ಸುಮಾರು ಮುನ್ನೂರು ವರ್ಷಗಳ ಮೇಲೆ ಹೀಗೆ ಪ್ರಾಣಪ್ರತಿಷ್ಠೆಯಾಯಿತು. ಆದುದರಿಂದ ಪ್ರಯೋಗಶಾಲೆಯ ಅಧ್ಯಾಪಕರನ್ನು ನಾನು ಈಗ ಮೊದಲಿನಂತೆ ಗೇಲಿ ಮಾಡುವುದಿಲ್ಲ. ಸರಳನ್ನು ತುಂಡುಮಾಡಿಕೊಳ್ಳಲಿ, ಆದರೆ ಅನಂತ ಮೊತ್ತಗಳು ಬಂದ ಕಡೆ ಒಮ್ಮೆ ನಿಂತು ನೋಡಲಿ.

ಒಂದು ವರ್ಷ ಹೀಗೆ ಕೇಳಿದ ಹುಡುಗನಿಗೆ ನಾನು ಉಪನ್ಯಾಸ ಕೊಡಲಿಲ್ಲ, ಆಬೆಲನ ಶ್ರೇಣಿಯನ್ನು ಕೊಟ್ಟೆನು: ಕೋನದ ಸೈನ್, ಅದರಿಂದ ಕೋನದ ಎರಡರಷ್ಟರ ಸೈನಿನ ಅರ್ಧವನ್ನು ಕಳೆದು, ಮೂರರಷ್ಟರ ಸೈನಿನ ಮೂರನೆಯ ಒಂದು ಭಾಗವನ್ನು ಕೂಡಿಸಿ, ಹೀಗೆಯೇ ಮುಂದೆ. ಹತ್ತು ಪದಗಳನ್ನು ಕೈಯಿಂದಲೇ ಕೂಡಿಸಿಕೊಂಡು ಬಾ ಎಂದೆನು. ಮರುದಿನ ಎರಡು ಹಾಳೆ ತುಂಬ ಅಂಕಿಗಳನ್ನು ತಂದನು. ೧೭೦ ಡಿಗ್ರಿಯಲ್ಲಿ ಮೊತ್ತವು ೧.೪೪, ಪೂರ್ತಿ ಕೂಡಿಸಿದರೆ ೧.೪೮ ಆಗಬೇಕು. ೧೯೦ ಡಿಗ್ರಿಯಲ್ಲಿ ಅಷ್ಟೇ ಪ್ರಮಾಣ, ಆದರೆ ಋಣ. ನಡುವೆ, ೧೮೦ ಡಿಗ್ರಿಯಲ್ಲಿ, ಹತ್ತು ಪದಗಳೂ ಸೊನ್ನೆಯೇ ಆಗಿ ಸಾಲಾಗಿ ಕುಳಿತಿದ್ದುವು. ಆ ಸೊನ್ನೆಗಳ ಸಾಲಿನ ಕೆಳಗೆ ಆತನು ಸೀಸದ ಕಡ್ಡಿಯಲ್ಲಿ ಎರಡು ಗೆರೆ ಎಳೆದು, ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನಿಟ್ಟಿದ್ದನು.